ಬಂಡೀಪುರದ ಬೆಂಕಿ: "ದೊಡ್ಡ ಪ್ರಾಣಿ ಯಾವುದೂ ಸತ್ತಿಲ್ಲ" ಅಂದ್ರೆ ಲೆಕ್ಕ ಮುಗೀತಾ?

ಬೇಗೂರು ಹುಡುಗ
ಗೋಪಾಲಸ್ವಾಮಿ ಬೆಟ್ಟ ನಮ್ಮನೆ ಹಿತ್ತಿಲಿಂದ ಕಾಣುತ್ತೆ. 2019ರ ಫೆಬ್ರುವರಿ 23ರ ರಾತ್ರಿ ಅದು ಕಂಡ ರೀತಿ ಇವತ್ತಿಗೂ ಕಣ್ಣಲ್ಲಿದೆ. ಉರಿಯ ಗೆರೆ ಬೆಟ್ಟದ ಸೊಂಟ ಸುತ್ತಿಕೊಂಡು ಮೇಲೆ ಹತ್ತುತ್ತಿತ್ತು. ಮಾರನೇ ದಿನ ನಾವು ಏಳೆಂಟು ಹುಡುಗರು ಅರಣ್ಯ ಇಲಾಖೆಯ ವಾಚರುಗಳ ಜೊತೆ ಹೋಗಿ ಹಸಿ ಸೊಪ್ಪು ಹಿಡಿದು ಬಡಿದೆವು. ಆರಿದ ಜಾಗದಲ್ಲಿ ನಡೆದು ಬರುವಾಗ ಬೂದಿಯಲ್ಲಿ ಒಂದು ನಕ್ಷತ್ರ ಆಮೆ ಸಿಕ್ಕಿತು. ತಲೆ ಕಾಲು ಒಳಗೆಳೆದುಕೊಂಡ ಹಾಗೇ ಬೆಂದುಹೋಗಿತ್ತು. ಅಪಾಯ ಬಂದಾಗ ಅದಕ್ಕೆ ಗೊತ್ತಿರೋದು ಅದೊಂದೇ ಉಪಾಯ.

ಸುಮಾರು 4,400 ಹೆಕ್ಟೇರ್ ಸುಟ್ಟಿದೆ ಅಂತ ಆಮೇಲೆ ಉಪಗ್ರಹ ಚಿತ್ರದ ಲೆಕ್ಕ ಬಂತು. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಹತ್ತಿರ ಹತ್ತಿರ 11,000 ಎಕರೆ. ಅದರ ಬೆನ್ನಿಗೇ "ದೊಡ್ಡ ಪ್ರಾಣಿ ಯಾವುದೂ ಸತ್ತಿಲ್ಲ" ಅನ್ನೋ ಮಾತೂ ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಆ ಆಮೆ ತಲೆಯಿಂದ ಹೋಗಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಇದೇ ಮಾತು ಕೇಳ್ತಿದ್ದೀನಿ. ಹುಲಿ, ಆನೆ ಓಡಿ ಪಾರಾಗುತ್ತವೆ, ಸರಿ. ಓಡಲಾರದವು? ಮೊದಲೇ ಅಳಿವಿನ ಅಂಚಲ್ಲಿ ಇರೋವು? ಅವುಗಳಿಗೆ ಬೆಂಕಿಯಿಂದ ನಿಜವಾಗಿ ಏನಾಗುತ್ತೆ, ಕಾಡಲ್ಲಿ ಕೆಲಸ ಮಾಡಿದವರು, ಓದಿಕೊಂಡವರು ಹೇಳಿ.

ಮೈಸೂರು ಮಂಜು
ಆ 23ನೇ ತಾರೀಖು ಮರೆಯೋಕಾಗಲ್ಲ. ಅದೇ ದಿನ ಯಲಹಂಕದ ವೈಮಾನಿಕ ಪ್ರದರ್ಶನದ ಪಾರ್ಕಿಂಗಲ್ಲಿ ಮುನ್ನೂರರಷ್ಟು ಕಾರು ಸುಟ್ಟವು. ಟಿವಿ ತುಂಬ ಕಾರೇ. ಕಾಡಿನ ಸುದ್ದಿ ಕೆಳಗೆ ಓಡೋ ಪಟ್ಟಿಯಲ್ಲಿತ್ತು.

ನಿವೃತ್ತ ವಾಚರ್
ತಮ್ಮಾ, ಆಮೆ ವಿಷಯ ಹೇಳಿದ್ದು ಒಳ್ಳೇದಾಯ್ತು. ನಾನು ಇಪ್ಪತ್ತೆಂಟು ಬೇಸಿಗೆ ಬೆಂಕಿ ಕಾದವನು. ನೋಡಿದ್ದಷ್ಟೇ ಹೇಳ್ತೀನಿ.

ಆನೆಗೆ ಹೊಗೆ ವಾಸನೆ ನಮಗಿಂತ ಮುಂಚೆ ಗೊತ್ತಾಗುತ್ತೆ. ಮರಿ ಮಧ್ಯಕ್ಕೆ ಹಾಕಿಕೊಂಡು ಕೆರೆ ಕಡೆ ಇಳಿದುಬಿಡ್ತವೆ. ಕಾಟಿ, ಕಡವೆ, ಜಿಂಕೆ ಬೆಂಕಿ ರೇಖೆ, ಅಂದ್ರೆ ಉರಿ ದಾಟದ ಹಾಗೆ ಮೊದಲೇ ಹುಲ್ಲು ತೆಗೆದಿಟ್ಟ ಪಟ್ಟಿ, ಅದನ್ನ ದಾಟಿ ಆಚೆ ನಿಂತು ನೋಡ್ತಾ ಇರ್ತವೆ. ಹುಲಿ ಕಾಣೋದೇ ಇಲ್ಲ. ಅಷ್ಟರ ಮಟ್ಟಿಗೆ ಆ ಮಾತು ಸುಳ್ಳಲ್ಲ.

ಬಿಲದೊಳಗೆ ಇರೋವೂ ಬದುಕ್ತವೆ. ನೆಲದ ಒಂದು ಗೇಣು ಕೆಳಗೆ ಬಿಸಿ ಅಷ್ಟಾಗಿ ಇಳಿಯೋದಿಲ್ಲ. ಬೆಂಕಿ ಹೋದ ಮಾರನೇ ದಿನ ಮುಳ್ಳುಹಂದಿ ಹೆಜ್ಜೆ ಬೂದಿ ಮೇಲೆ ಮೂಡಿರೋದು ನೋಡಿದೀನಿ. ಒಣಗಿ ಬಿದ್ದ ಮರದ ದಿಮ್ಮಿ ಇದ್ದರೆ ಮಾತ್ರ ಕಥೆ ಬೇರೆ. ಅದು ನಾಲ್ಕು ದಿನ ಒಳಗೊಳಗೇ ಕುದಿಯುತ್ತೆ, ಅದರ ಅಡಿಗೆ ಸೇರಿಕೊಂಡಿದ್ದು ಯಾವುದೂ ಉಳಿಯಲ್ಲ.

ಸಾಯೋವು ಅಂದ್ರೆ ಕಣ್ಣು ಬಿಡದ ಮರಿ, ಮೊಟ್ಟೆ, ಮುದಿ, ಗಾಯಗೊಂಡಿದ್ದು. ಉಡ, ಆಮೆ, ಹಾವು, ಓತಿಕ್ಯಾತ. ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸೋದು ಕೊಂಡುಕುರಿ, ಅದೇ ನಾಲ್ಕು ಕೊಂಬಿನ ಪುಟ್ಟ ಹುಲ್ಲೆ, ಅದರ ಮರಿ. ತಾಯಿ ಹುಲ್ಲಲ್ಲಿ ಅಡಗಿಸಿ ಹೋಗಿರುತ್ತೆ. ಮರಿ ಅಲ್ಲಾಡಬಾರದು ಅಂತ ಕಲಿತಿರುತ್ತೆ. ಅಲ್ಲಾಡೋದೇ ಇಲ್ಲ.

ಹಸಿರು ಚೌಕ
ಬೆಂಕಿ ಬಿದ್ದರೆ ಕಾಡಿಗೆ ಒಳ್ಳೆಯದೇ ಅಲ್ವಾ? ಒಂದು ಮಳೆ ಬಿದ್ದರೆ ಸಾಕು, ಎಳೆ ಹುಲ್ಲು ಚಿಗುರುತ್ತೆ, ಜಿಂಕೆ ಬರುತ್ತೆ, ಹಿಂದೆ ಹುಲಿ ಬರುತ್ತೆ. 2019 ಆದಮೇಲೆ ಹುಲಿ ಕಡಿಮೆ ಆಯ್ತಾ? 2022ರ ಗಣತಿಯಲ್ಲಿ ರಾಜ್ಯಕ್ಕೆ 563 ಹುಲಿ. ಅನಗತ್ಯ ಗಾಬರಿ ಬೇಡ.

ಹದ್ದುಗಣ್ಣು
@ಹಸಿರು ಚೌಕ ಹುಲಿ ಲೆಕ್ಕದಿಂದ ಕಾಡಿನ ಆರೋಗ್ಯ ಅಳೆಯೋದು ನಮ್ಮ ದೊಡ್ಡ ತಪ್ಪು. ಜಿಂಕೆಗೆ ಮೋಟು ಹುಲ್ಲು ಬೇಕು, ಅದಕ್ಕೆ ಬೆಂಕಿಯಿಂದ ಲಾಭವೇ. ಕೊಂಡುಕುರಿಗೆ ಎದೆಮಟ್ಟದ ಹುಲ್ಲು ಬೇಕು, ಅದರ ಬದುಕೆಲ್ಲ ಮರೆಯಲ್ಲಿ. ಲೋಕದಲ್ಲಿ ಆ ಪ್ರಾಣಿ ಇರೋದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಒಂದೇ ಬೆಂಕಿಯಲ್ಲಿ ಒಂದು ಗೆಲ್ಲುತ್ತೆ, ಇನ್ನೊಂದು ಸೋಲುತ್ತೆ. ಗೆಲ್ಲೋದು ಯಾವಾಗಲೂ ಸಂಖ್ಯೆ ಚೆನ್ನಾಗಿರೋ ಪ್ರಾಣಿ.

ನಾನು ರಣಹದ್ದುಗಳ ಹಿಂದೆ ಅಲೆಯೋನು, ಅದಕ್ಕೇ ಇದನ್ನು ಹೇಳ್ತೀನಿ. ಬಂಡೀಪುರ, ಮುದುಮಲೆ, ವಯನಾಡು ಸೇರಿದ ಪಟ್ಟಿ ದಕ್ಷಿಣದಲ್ಲಿ ರಣಹದ್ದು ಉಳಿದಿರೋ ದೊಡ್ಡ ನೆಲೆ. ಬಿಳಿಬೆನ್ನಿನದು, ಉದ್ದಕೊಕ್ಕಿನದು, ಕೆಂಪುತಲೆಯದು ಮೂರೂ ತೀವ್ರ ಅಳಿವಿನಂಚಿನವು. ದನದ ನೋವಿನ ಔಷಧಿ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ ಅವನ್ನು ಆ ಸ್ಥಿತಿಗೆ ತಂದಿತು, 2006ರಲ್ಲಿ ಅದನ್ನು ಪಶುಗಳಿಗೆ ಕೊಡೋದು ನಿಷೇಧ ಆಯ್ತು. ಈಗ ಲೆಕ್ಕ ಹಾಕಿ. ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಚಳಿಗಾಲದಲ್ಲಿ ಇಡುತ್ತೆ, ಫೆಬ್ರುವರಿ ಮಾರ್ಚಲ್ಲಿ ಮರಿ ಗೂಡಲ್ಲೇ ಇರುತ್ತೆ, ರೆಕ್ಕೆ ಬಲಿತಿರಲ್ಲ. ಸರಿಯಾಗಿ ಬೆಂಕಿಯ ಕಾಲ. ಬಿಳಿಬೆನ್ನಿನದು, ಕೆಂಪುತಲೆಯದು ಗೂಡು ಕಟ್ಟೋದು ಮರದ ಮೇಲೆ. ಉರಿ ಗೂಡು ಮುಟ್ಟಬೇಕಾಗಿಲ್ಲ. ಬುಡದಲ್ಲಿ ಹೊಗೆ ಎದ್ದು ತಾಯಿ ತಂದೆ ಅರ್ಧ ದಿನ ದೂರ ಉಳಿದರೆ ಸಾಕು, ಆ ಬಿಸಿಲಲ್ಲಿ ಮರಿಗೆ ಅಪಾಯ.

563ರಲ್ಲಿ ಒಂದು ಹೋದರೆ ಪತ್ರಿಕೆಯಲ್ಲಿ ಬರುತ್ತೆ. ಒಂದು ರಣಹದ್ದಿನ ಮರಿ ಹೋದರೆ ಆ ಜೋಡಿಯ ಇಡೀ ವರ್ಷ ಹೋಯಿತು, ಯಾರಿಗೂ ಗೊತ್ತಾಗಲ್ಲ.

ಹಸಿರು ಚೌಕ
ರಣಹದ್ದಿನ ವಿಚಾರ ಗೊತ್ತಿರಲಿಲ್ಲ. ಆದರೂ ಬೆಂಕಿ ಅಂದರೆ ಸರ್ವನಾಶ ಅನ್ನೋ ಧಾಟಿ ನಾನು ಒಪ್ಪಲ್ಲ. ನಮ್ಮ ಎಲೆ ಉದುರೋ ಕಾಡು ಬೆಂಕಿ ಜೊತೆಗೇ ಬೆಳೆದಿದ್ದು. ಮತ್ತಿ, ದಿಂಡಿಗ, ತೇಗದ ದಪ್ಪ ತೊಗಟೆ ಮುಟ್ಟಿ ನೋಡಿ.

ಬಿಳಿಗಿರಿ ಪೋಡು
ನಾನು ಬಿಳಿಗಿರಿ ಬೆಟ್ಟದ ಕಾಡಿನ ಸೋಲಿಗರವನು. ಹಸಿರು ಚೌಕ ಅವರ ಕೊನೇ ಮಾತು ಸರಿ, ಅರ್ಧ ಸರಿ.

ನಮ್ಮ ಅಜ್ಜಂದಿರು ತರಗು ಬೆಂಕಿ ಹಾಕ್ತಿದ್ರು. ಎಲೆ ಉದುರಿದ ಹೊಸತರಲ್ಲಿ, ನೆಲದಲ್ಲಿ ಇನ್ನೂ ಪಸೆ ಇರುವಾಗ. ಆ ಬೆಂಕಿ ಮೊಣಕಾಲು ದಾಟುತ್ತಿರಲಿಲ್ಲ. ಒಂದು ಕಡೆ ಸುಟ್ಟು ಒಂದು ಕಡೆ ಬಿಟ್ಟು ಹೋಗ್ತಿತ್ತು, ಪ್ರಾಣಿ ಪಕ್ಕಕ್ಕೆ ಸರಿದು ನಿಲ್ಲೋದಕ್ಕೆ ಜಾಗ ಇರ್ತಿತ್ತು. ನೆಲ್ಲಿ ಮರಕ್ಕೆ ಹತ್ತೋ ಉಪ್ಪಿಲು ಅದರಿಂದ ಹತೋಟಿಯಲ್ಲಿರುತ್ತೆ ಅಂತ ಹಿರಿಯರು ಹೇಳೋರು. ಉಪ್ಪಿಲು ಅಂದ್ರೆ ಮರದ ಮೇಲೆ ಬೆಳೆದು ಮರದ ರಸ ಹೀರೋ ಬಂದಳಿಕೆ. 1974ರಲ್ಲಿ ಬಿಳಿಗಿರಿ ಅಭಯಾರಣ್ಯ ಆಯ್ತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ನುಗ್ಗಿತು, ಹೊರದೇಶದಿಂದ ಬಂದ ಪೊದೆ ಕಳೆ. ಪರಿಸರ ಸಂಶೋಧನೆ ಮಾಡೋ ಅಟ್ರೀ ಸಂಸ್ಥೆಯವರು 1997ರಲ್ಲೂ 2008ರಲ್ಲೂ ನಮ್ಮ ಕಾಡಲ್ಲಿ ಗಿಡ ಎಣಿಸಿದ್ದಾರೆ. ಆ ಹನ್ನೊಂದು ವರ್ಷದಲ್ಲಿ ಲಂಟಾನ ಇರೋ ಜಾಗ ಹೆಚ್ಚೂಕಡಿಮೆ ದುಪ್ಪಟ್ಟು ಆಗಿತ್ತು.

ಹಾಗಾಗಿ "ಬೆಂಕಿ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳಿದರೆ ನಮ್ಮ ಹಿರಿಯರು ಮೊದಲು ಕೇಳೋದು, ಯಾವ ತಿಂಗಳು?

ಅಡವಿ ಹೂವು
ಯಾವ ತಿಂಗಳು! ಇಷ್ಟು ದಿನ ಯಾರೂ ಹೀಗೆ ಕೇಳಿದ್ದು ನೋಡಿಲ್ಲ.

ನಿವೃತ್ತ ವಾಚರ್
@ಬಿಳಿಗಿರಿ ಪೋಡು ನಿಮ್ಮ ಹಿರಿಯರ ಮಾತಿಗೆ ಕೈ ಮುಗೀತೀನಿ. ಆದರೆ ಈಗ ಹೋಗಿ ತರಗು ಬೆಂಕಿ ಹಾಕಿದರೆ ಅದು ತರಗು ಬೆಂಕಿ ಆಗಿ ಉಳಿಯೋದಿಲ್ಲ ಸ್ವಾಮಿ. ಲಂಟಾನ ಮರಕ್ಕೆ ಏಣಿ ಹಾಕಿದ ಹಾಗೆ ಹಬ್ಬಿಕೊಂಡಿದೆ. ನೆಲದಲ್ಲಿ ಹೊತ್ತಿದ್ದು ಅದನ್ನ ಹಿಡಿದು ಕೊಂಬೆಗೆ ಹತ್ತುತ್ತೆ. 2019ರಲ್ಲಿ ನಾವು ನೋಡಿದ್ದು ಅದನ್ನೇ. ಹುಲ್ಲಿನ ಬೆಂಕಿಯಾದರೆ ಸೊಪ್ಪಲ್ಲಿ ಬಡಿದು ಆರಿಸಬಹುದು, ಲಂಟಾನ ಬೆಂಕಿ ಹತ್ತಿರ ಹತ್ತು ಮಾರು ನಿಲ್ಲೋಕಾಗಲ್ಲ. ಮುಖದ ಚರ್ಮ ಸುಲಿಯುತ್ತೆ. ಕೊನೆಗೆ ವಾಯುಪಡೆ ಹೆಲಿಕಾಪ್ಟರು ಬಂದು ಮೇಲಿಂದ ನೀರು ಸುರಿಯಬೇಕಾಯ್ತು.

ಸುಟ್ಟ ಮೇಲೂ ಅದು ಸಾಯಲ್ಲ. ಒಂದು ಮಳೆಗೆ ಬುಡದಿಂದ ಚಿಗುರುತ್ತೆ. ಸುಟ್ಟು ಬೋಳಾದ ಜಾಗಕ್ಕೆ ಎಲ್ಲರಿಗಿಂತ ಮೊದಲು ಬರೋದೂ ಅದೇ. ಮುಂದಿನ ಬೆಂಕಿಗೆ ಸೌದೆ ತಾನೇ ಒಟ್ಟಿಕೊಳ್ಳುತ್ತೆ.

ಬಿಳಿಗಿರಿ ಪೋಡು
ಒಪ್ಪಿದೆ. ನಾಳೆನೇ ಕಡ್ಡಿ ಗೀರಿ ಅಂತ ನಾನೂ ಹೇಳ್ತಿಲ್ಲ. ಮೊದಲು ಲಂಟಾನ ಬೇರು ಸಹಿತ ಕೀಳಬೇಕು, ಹುಲ್ಲು ಬರಬೇಕು. ಆಮೇಲೆ ಆ ಮಾತು. ಕೀಳೋವಾಗ ಕಾಡು ಗೊತ್ತಿರೋರನ್ನ ಕೂಲಿಗೆ ಮಾತ್ರ ಕರೀಬೇಡಿ, ಎಲ್ಲಿ ಯಾವಾಗ ಅಂತಲೂ ಕೇಳಿ ಅನ್ನೋದಷ್ಟೇ ನನ್ನ ಮಾತು.

ಮೈಸೂರು ಮಂಜು
ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡ್ತಾರೆ. ನಮ್ಮನೆಯಲ್ಲಿ ಒಂದು ಕುರ್ಚಿ ಇದೆ, ಗೆದ್ದಲು ಮುಟ್ಟಿಲ್ಲ. ಆನೆ ಗಾತ್ರದ ಆನೆಗಳನ್ನೂ ಹೆಣೆದು ವಿದೇಶಕ್ಕೆ ಕಳಿಸಿದ್ದಾರೆ.

ಅಡವಿ ಹೂವು
ಅದು ಎಲ್ಲಿ ಸಿಗುತ್ತೆ ಮಂಜು ಅವರೇ? ಖಾಸಗಿ ಸಂದೇಶ ಕಳಿಸಿ, ಇಲ್ಲಿ ವಿಷಯ ಬೇರೆ ಆಗುತ್ತೆ.

ಅಡಿಲೇಡ್ ಅಕ್ಕ
ನಾನು ಹದಿನೈದು ವರ್ಷದಿಂದ ಆಸ್ಟ್ರೇಲಿಯಾದ ಅಡಿಲೇಡಲ್ಲಿದ್ದೀನಿ. 2019ರ ಕೊನೆ, 2020ರ ಮೊದಲಲ್ಲಿ ಇಲ್ಲಿನ ಬೆಂಕಿ ಸುದ್ದಿ ನಿಮಗೆಲ್ಲ ಗೊತ್ತು. ನಮ್ಮ ದಕ್ಷಿಣಕ್ಕೆ ಕ್ಯಾಂಗರೂ ದ್ವೀಪ ಅಂತ ಇದೆ. ಅದರ ಹತ್ತಿರ ಹತ್ತಿರ ಅರ್ಧ ಭಾಗ ಸುಟ್ಟಿತು. ಆ ದ್ವೀಪ ಬಿಟ್ಟರೆ ಬೇರೆಲ್ಲೂ ಇರದ, ಇಲಿಯಷ್ಟೇ ಗಾತ್ರದ ಡನ್ನಾರ್ಟ್ ಅನ್ನೋ ಪ್ರಾಣಿ ಇದೆ. ಹೊಟ್ಟೆಚೀಲದಲ್ಲಿ ಮರಿ ಸಾಕುವ ಜಾತಿ. ಅದರ ನೆಲೆಯ ನೂರಕ್ಕೆ ತೊಂಬತ್ತು ಭಾಗ ಬೂದಿ.

ನಾನು ಇದನ್ನ ಇಲ್ಲಿ ಹೇಳೋಕೆ ಕಾರಣ ಬೆಂಕಿ ಅಲ್ಲ, ಬೆಂಕಿ ಆರಿದ ಮೇಲೆ ಆಗಿದ್ದು. ಕ್ಯಾಮೆರಾ ಇಟ್ಟು ನೋಡಿದರೆ ಕೆಲವು ಡನ್ನಾರ್ಟ್ ಬದುಕಿದ್ದವು! ಆದರೆ ಅಡಗೋಕೆ ಒಂದು ಪೊದೆ ಇಲ್ಲ. ಕಾಡು ಬಿದ್ದ ಬೆಕ್ಕುಗಳು ಆ ಬೋಳು ನೆಲದಲ್ಲಿ ಅವನ್ನ ಒಂದೊಂದಾಗಿ ಹಿಡಿಯತೊಡಗಿದವು. ಉಳಿದ ಸ್ವಲ್ಪ ಜಾಗಕ್ಕೆ ಬೆಕ್ಕು ನುಗ್ಗದ ಬೇಲಿ ಹಾಕಿ ಕಾಪಾಡಬೇಕಾಯ್ತು. ಅಂದರೆ ಬೆಂಕಿಯಲ್ಲಿ ಸತ್ತವನ್ನು ಮಾತ್ರ ಎಣಿಸಿದರೆ ಅರ್ಧ ಲೆಕ್ಕವೂ ಅಲ್ಲ.

ಇಲ್ಲಿನ ಮೂಲನಿವಾಸಿಗಳಲ್ಲೂ ತಂಪು ಹೊತ್ತಲ್ಲಿ, ತಣ್ಣಗಿನ ತಿಂಗಳಲ್ಲಿ ಸಣ್ಣ ಬೆಂಕಿ ಹಾಕೋ ಪದ್ಧತಿ ಇದೆ. ಬಿಳಿಗಿರಿ ಪೋಡು ಅವರು ಬರೆದಿದ್ದು ಓದಿ ಮೈ ಜುಮ್ಮೆಂದಿತು.

ನಿವೃತ್ತ ವಾಚರ್
ಅಕ್ಕಾ, ನೀವು ಬೆಕ್ಕು ಅಂದ್ರಿ, ನಮ್ಮಲ್ಲಿ ಅದೇ ಕೆಲಸ ಊರನಾಯಿ ಮಾಡ್ತವೆ. ಕಾಡಂಚಲ್ಲಿ ಸುಟ್ಟ ಜಾಗಕ್ಕೆ ಹಿಂಡುಹಿಂಡು ಬರ್ತವೆ. ಮೊಲ, ಉಡ, ಕೊಂಡುಕುರಿ ಮರಿ ಯಾವುದನ್ನೂ ಬಿಡಲ್ಲ. ಇದನ್ನ ನಾವ್ಯಾರೂ ಬರೆದಿಡಲೇ ಇಲ್ಲ ನೋಡಿ.

ಹದ್ದುಗಣ್ಣು
ಆ ನಾಯಿಗಳಿಂದ ಇನ್ನೊಂದು ಅಪಾಯ, ರೋಗ. ಕೆನ್ನಾಯಿಗಳಿಗೆ, ಅಂದ್ರೆ ಕಾಡುನಾಯಿಗಳಿಗೆ, ನಾಯಿಜ್ವರ ಅಂಟಿದರೆ ಹಿಂಡಿಗೆ ಹಿಂಡೇ ಹೋಗಬಹುದು. ಕೆನ್ನಾಯಿ ಕೂಡ ಅಳಿವಿನಂಚಿನ ಪಟ್ಟಿಯಲ್ಲಿದೆ, ಚಳಿಗಾಲದಲ್ಲಿ ಗುಹೆ ಬಿಲದಲ್ಲಿ ಮರಿ ಹಾಕುತ್ತೆ. ಬೆಂಕಿಯ ಹೊತ್ತಿಗೆ ಮರಿ ಇನ್ನೂ ಎಳೆಯವು.

ಗದಗಿನ ಗಾಳಿ
ಬರೇ ಬಂಡೀಪುರದ್ದ ಮಾತಾಡಾಕತ್ತೀರಿ. ನಮ್ಮ ಕಪ್ಪತ್ತಗುಡ್ಡ ಬ್ಯಾಸಿಗಿ ಬಂದ್ರ ಸಾಕು ಉರೀತೈತ್ರಿ. ಅಲ್ಲಿ ದೊಡ್ಡ ಮರ ಕಡಿಮಿ, ಹುಲ್ಲು, ಕುರುಚಲು, ಔಷಧಿ ಗಿಡ. ಯಾರೂ "ಕಾಡು ಸುಟ್ಟೈತಿ" ಅನ್ನಂಗಿಲ್ಲ, "ಗುಡ್ಡಕ್ಕ ಬೆಂಕಿ ಬಿದ್ದೈತಿ" ಅಂತಾರ, ಅಷ್ಟ. ತ್ವಾಳ, ಕತ್ತೆಕಿರುಬ ಅದಾವು. ತ್ವಾಳ ಮರಿ ಹಾಕೋದೂ ಚಳಿಗಾಲದಾಗ. 2019ರಾಗ ವನ್ಯಜೀವಿ ಧಾಮ ಅಂತ ಘೋಷಣೆ ಆತು, ಖುಷಿ ಆತು. ಬೆಂಕಿಗೆ ಮಾತ್ರ ಹೆಲಿಕಾಪ್ಟರ್ ಯಾರೂ ಕಳಸಂಗಿಲ್ಲ.

ತುಮಕೂರು ತಮ್ಮ
ಗದಗಿನವರ ಮಾತು ನಮಗೂ ಅನ್ವಯ. ದೇವರಾಯನದುರ್ಗದ ಸುತ್ತ ಪ್ರತಿ ವರ್ಷ ಬೆಂಕಿ ಬೀಳುತ್ತೆ. ನಮ್ಮಲ್ಲಿ ರಾತ್ರಿ ಮರದ ಮೇಲೆ ಓಡಾಡೋ, ದೊಡ್ಡ ಕಣ್ಣಿನ ಪುಟ್ಟ ಕಾಡುಪಾಪ ಇದೆ. ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲಿರೋ ಪ್ರಾಣಿ, ನೋಡಿದವರು ಬೆರಳೆಣಿಕೆ. ಹಗಲೆಲ್ಲ ಮುಳ್ಳುಪೊದೆಯಲ್ಲಿ ಮುದುರಿ ಮಲಗಿರುತ್ತೆ. ಬೆಂಕಿ ಬೀಳೋದು ಹಗಲು. ಅದರ ನಡಿಗೆಯೇ ನಿಧಾನ, ಹೆದರಿದರೆ ಕೊಂಬೆ ಹಿಡಿದು ನಿಂತುಬಿಡುತ್ತೆ. ಒಂದು ತೋಪು ಸುಟ್ಟರೆ ಪಕ್ಕದ ತೋಪಿಗೆ ಹೋಗೋಕೆ ಕೊಂಬೆಯಿಂದ ಕೊಂಬೆಗೆ ದಾರಿ ಬೇಕು. ಮಧ್ಯೆ ಹೊಲ, ರಸ್ತೆ.

ಕುಂದಕೆರೆ ರೈತ
ಎಲ್ಲ ಓದಿದೆ. ಪ್ರಾಣಿಗಳ ಬಗ್ಗೆ ಇಷ್ಟು ಕಾಳಜಿ ಇದೆ, ಸಂತೋಷ. ಆದರೆ ಬೆಂಕಿ ಬಿದ್ದ ತಕ್ಷಣ ಬೆರಳು ತೋರಿಸೋದು ಕಾಡಂಚಿನ ನಮ್ಮ ಕಡೆಗೆ. ನನ್ನ ಎರಡು ಹಸು ಹುಲಿ ಬಾಯಿಗೆ ಹೋಗಿವೆ. ಪರಿಹಾರಕ್ಕೆ ಎಷ್ಟು ಸಲ ಅಲೆದೆ ಅಂತ ಹೇಳೋಕೆ ಹೋಗಲ್ಲ. ನಾನು ಬೆಂಕಿ ಹಚ್ಚಿದವನಲ್ಲ, 2019ರಲ್ಲಿ ನನ್ನ ಟ್ರ್ಯಾಕ್ಟರಲ್ಲೇ ನೀರಿನ ಟ್ಯಾಂಕರ್ ಎಳೆದು ಕೊಟ್ಟಿದ್ದೀನಿ.

ಅಡವಿ ಹೂವು
ನಿಮ್ಮನ್ನ ಯಾರೂ ದೂರಲಿಲ್ಲ. ಆದರೆ ನಮ್ಮ ಕಾಡಲ್ಲಿ ಬೆಂಕಿ ತಾನಾಗಿ ಹುಟ್ಟೋದು ಅಪರೂಪ. ಫೆಬ್ರುವರಿಯಲ್ಲಿ ಸಿಡಿಲೂ ಇಲ್ಲ. ಬೀಡಿ ತುಂಡು, ಜೇನು ಕೀಳೋ ಪಂಜು, ಉದುರಿದ ಕೊಂಬು ಹುಡುಕೋರು, ದನಕ್ಕೆ ಹಸಿ ಹುಲ್ಲು ಬರಲಿ ಅನ್ನೋರು, ಹೆದ್ದಾರಿಯಲ್ಲಿ ನಿಲ್ಲಿಸಿ ಅಡುಗೆ ಮಾಡೋ ಪ್ರವಾಸಿಗಳು, ಸಿಟ್ಟಿಗೆ ಹಚ್ಚೋರು. ಎಲ್ಲವೂ ಮನುಷ್ಯರೇ.

ಕುಂದಕೆರೆ ರೈತ
ಸಿಟ್ಟಿಗೆ ಹಚ್ಚೋರು ಇದ್ದಾರೆ, ಇಲ್ಲ ಅನ್ನಲ್ಲ. ಆ ಸಿಟ್ಟು ಎಲ್ಲಿಂದ ಬಂತು ಅಂತಲೂ ಕೇಳಿ. ಸತ್ತ ಹಸುವಿನ ಹಣ ಹದಿನೈದು ದಿನದಲ್ಲಿ ಕೈಗೆ ಬಂದರೆ ಬೆಂಕಿ ಕಡ್ಡಿಗೆ ಕೈ ಹೋಗೋದಿಲ್ಲ. ಇಷ್ಟು ಬರೆದು ಸಾಕು ಮಾಡ್ತೀನಿ.

ಹದ್ದುಗಣ್ಣು
ರೈತರು ಹೇಳಿದ್ದು ಸತ್ಯ. ಅದೇ ಹಸುವಿಗೆ ಸಿಟ್ಟಲ್ಲಿ ವಿಷ ಹಾಕಿದರೆ ಹುಲಿಯ ಜೊತೆ ನನ್ನ ರಣಹದ್ದೂ ಸಾಯುತ್ತೆ. ಆ ಹಣ ಬೇಗ ಬಂದರೆ ಬೆಂಕಿ, ವಿಷ ಎರಡೂ ತಪ್ಪುತ್ತೆ.

ಚಿಕ್ಕಮಗಳೂರು ಚಾರಣಿ
2019ರಲ್ಲಿ ಸುಟ್ಟ ಕೋತಿ, ಸುಟ್ಟ ಮೊಲದ ಫೋಟೋ ಎಲ್ಲರೂ ಕಳಿಸಿದ್ದರಲ್ಲ, ಎಷ್ಟು ಘೋರ!

ಮೈಸೂರು ಮಂಜು
ಅವುಗಳಲ್ಲಿ ಹಲವು ಬಂಡೀಪುರದ್ದೇ ಅಲ್ಲ, ಬೇರೆ ದೇಶದ ಹಳೇ ಫೋಟೋ. ಆಗಲೇ ಬಯಲಾಗಿತ್ತು. ನಾನೂ ಒಂದನ್ನ ಮುಂದಕ್ಕೆ ಕಳಿಸಿ ಆಮೇಲೆ ಅಳಿಸಿದೆ. ಕೆಟ್ಟದ್ದೇನಾಯ್ತು ಅಂದ್ರೆ, ಸುಳ್ಳು ಫೋಟೋ ಬಯಲಾದ ಮೇಲೆ ಜನ "ಹಾಗಾದರೆ ಏನೂ ಸತ್ತೇ ಇಲ್ಲ" ಅಂತ ನಂಬಿಬಿಟ್ಟರು.

ಚಿಕ್ಕಮಗಳೂರು ಚಾರಣಿ
ಓಹ್, ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಧನ್ಯವಾದ.

ನಮ್ಮ ಕಡೆ ಮಾತು ಬೇರೆ. ಕುದುರೆಮುಖ, ಬಾಬಾಬುಡನ್‌ಗಿರಿಯಲ್ಲಿ ಬೆಟ್ಟದ ಮೈಯೆಲ್ಲ ಹುಲ್ಲು, ಕಣಿವೆಯಲ್ಲಿ ಶೋಲಾ, ಅಂದ್ರೆ ತೇವ ತುಂಬಿದ ದಟ್ಟ ಹಸಿರು ಕಾಡು. ಹುಲ್ಲಿಗೆ ಬಿದ್ದ ಬೆಂಕಿ ಶೋಲಾದ ಅಂಚಿಗೆ ಬಂದು ತೇವಕ್ಕೆ ಆರುತ್ತೆ. ನೋಡೋಕೆ ಏನೂ ಆಗಿಲ್ಲ ಅನ್ಸುತ್ತೆ. ಆದರೆ ವರ್ಷ ವರ್ಷ ಬಿದ್ದರೆ ಅಂಚಿನ ಎಳೆ ಗಿಡ ಸತ್ತು ಶೋಲಾ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತೆ. ಸಿಂಗಳೀಕಕ್ಕೆ ಬೇಕಾಗಿರೋದು ನೆತ್ತಿಯ ಕೊಂಬೆಗಳು ಎಲ್ಲೂ ತುಂಡಾಗದೆ ಕೂಡಿಕೊಂಡಿರೋ ಕಾಡು. ಅಗಲಬಾಲದ ಹುಲ್ಲುಹಕ್ಕಿ ಅಂತ ಒಂದು ಸಣ್ಣ ಹಕ್ಕಿ ಇದೆ, ಪಶ್ಚಿಮ ಘಟ್ಟದ್ದು, ಮಳೆಗಾಲದಲ್ಲಿ ಎತ್ತರದ ಹುಲ್ಲಲ್ಲಿ ಗೂಡು ಕಟ್ಟುತ್ತೆ. ಅದಕ್ಕೆ ಹುಲ್ಲು ಬೇಕೇ ಬೇಕು. ಹಾಗಾಗಿ ಅಲ್ಲಿ ಮರ ನೆಟ್ಟು "ಕಾಡು ಬೆಳೆಸೋದು" ಕೂಡ ತಪ್ಪೇ.

ಬೇಗೂರು ಹುಡುಗ
ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಎರಡು ಸಲ ಓದಿದೆ. ನಾನು "ಎಷ್ಟು ಸತ್ತವು" ಅಂತ ಕೇಳೋಕೆ ಬಂದಿದ್ದೆ. ಯಾವ ತಿಂಗಳು, ಕೆಳಗೆ ಏನು ಬೆಳೆದಿತ್ತು, ಆರಿದ ಮೇಲೆ ಅಡಗೋಕೆ ಎಲ್ಲಿ ಜಾಗ ಉಳಿಯಿತು ಅಂತಲೂ ಕೇಳಬೇಕಿತ್ತು. ಈ ಸಲ ಬೆಂಕಿ ಬಿದ್ದರೆ ಆರಿದ ಮಾರನೇ ವಾರ, ಒಂದು ತಿಂಗಳ ಮೇಲೆ ಹೋಗಿ ಕಂಡಿದ್ದು ಬರೆದಿಡಬೇಕು ಅಂತಿದ್ದೀನಿ. ನಮ್ಮಂಥವರು ಒಳಗೆ ಹೋಗಬಹುದಾ?

ನಿವೃತ್ತ ವಾಚರ್
ಅನುಮತಿ ಇಲ್ಲದೆ ಕಾಲಿಡಬೇಡ ತಮ್ಮ. ಬೆಂಕಿ ಆರಿಸೋಕೂ ಒಬ್ಬನೇ ಹೋಗಬೇಡ. 2017ರ ಫೆಬ್ರುವರಿಯಲ್ಲಿ ಕಲ್ಕೆರೆ ವಲಯದಲ್ಲಿ ನಮ್ಮ ಒಬ್ಬ ಅರಣ್ಯ ರಕ್ಷಕ ಬೆಂಕಿ ಮಧ್ಯೆ ಸಿಕ್ಕಿ ತೀರಿಕೊಂಡ. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬ. ತರಬೇತಿ ಇದ್ದವರೇ ಅವರು. ಗಾಳಿ ತಿರುಗಿದರೆ ಯಾರ ಕೈಲೂ ಆಗಲ್ಲ. ಹೊಗೆ ಕಂಡರೆ 1926ಕ್ಕೆ ಫೋನ್ ಮಾಡು, ಅದು ಅರಣ್ಯ ಸಹಾಯವಾಣಿ. ಉಪಗ್ರಹದಿಂದ ಈಗ ಬೆಂಕಿ ಸಂದೇಶ ಬರುತ್ತೆ ನಿಜ, ಆದರೆ ಅದು ದಿನಕ್ಕೆ ಕೆಲವೇ ಸಲ ಮೇಲೆ ಹಾದು ಹೋಗೋದು. ಹಿತ್ತಿಲಲ್ಲಿ ನಿಂತು ಬೆಟ್ಟ ನೋಡೋನು ಅದಕ್ಕಿಂತ ಮೊದಲು ಹೇಳಬಲ್ಲ.

ಹಸಿರು ಚೌಕ
ನಾನು ಮೊದಲು ಬರೆದಿದ್ದು ಅವಸರದ್ದು. ಜಿಂಕೆ ಮಾತ್ರ ನೋಡಿ ಬರೆದೆ. ಕೊಂಡುಕುರಿ ಮರಿಯ ವಿಷಯ ಓದಿದ ಮೇಲೆ ಸುಮ್ಮನಿರೋಕಾಗಲಿಲ್ಲ. ಬೆಂಕಿ ರೇಖೆ ಕೆಲಸಕ್ಕೆ ಊರವರನ್ನ ಸೇರಿಸಿಕೊಳ್ತಾರಾ? ನಾನು ರಜೆ ಹಾಕಿ ಬರಬಲ್ಲೆ.

ಕುಂದಕೆರೆ ರೈತ
ಸೇರಿಸಿಕೊಳ್ತಾರೆ. ಮಳೆ ನಿಂತ ಮೇಲೆ, ಡಿಸೆಂಬರ್ ಜನವರಿಯಲ್ಲಿ ರಸ್ತೆ ಬದಿ ಹುಲ್ಲು ಸವರಿ, ಒಣಗಿದ ಮೇಲೆ ಗಾಳಿ ಇಲ್ಲದ ಹೊತ್ತಲ್ಲಿ ಅವರೇ ನಿಂತು ಸುಡಿಸ್ತಾರೆ. ಬನ್ನಿ, ಊಟ ನಮ್ಮನೆಯಲ್ಲಿ.

ಬಿಳಿಗಿರಿ ಪೋಡು
ರೇಖೆ ಸುಡೋ ಹಿಂದಿನ ದಿನ ಹುಲ್ಲಲ್ಲಿ ಸದ್ದು ಮಾಡ್ತಾ ಒಂದು ಸಲ ನಡೆದು ಹೋಗಿ. ಕಾಡುಕೋಳಿ, ಮೊಲ, ಆಮೆ ಏನಾದರೂ ಇದ್ದರೆ ಗೊತ್ತಾಗುತ್ತೆ. ಆಮೆ ಮಾತ್ರ ಸದ್ದಿಗೆ ಹೋಗಲ್ಲ, ಅದನ್ನ ಎತ್ತಿ ಆಚೆ ಇಡೋದಕ್ಕೆ ಜೊತೆಗಿರೋ ಗಾರ್ಡ್‌ಗೆ ಹೇಳಿ.

ಬೇಗೂರು ಹುಡುಗ
ಹಾಗೇ ಮಾಡ್ತೀನಿ ಅಣ್ಣಾ. ಡಿಸೆಂಬರಿಗೆ ನಾವು ಆರು ಜನ ಇದ್ದೀವಿ, ಹಸಿರು ಚೌಕ ಅವರು ಸೇರಿ ಏಳು.